‘ಎ’ ಸರ್ಟಿಫಿಕೇಟಿನ ಕಲಾಚಿತ್ರ: ಪ್ರೇಕ್ಷಕರು ಒಡೆಯುವುದು ಎಲ್ಲಿ?

ಕಾಮವನ್ನು ಮುಚ್ಚುಮರೆಯಿಲ್ಲದೆ ತೋರಿಸುವ ಕಲಾಚಿತ್ರವೊಂದು ಸುದ್ದಿಯಾದರೆ ನಮ್ಮ ಉತ್ತರ ಕನ್ನಡದಲ್ಲಿ ಶಿರಸಿಯ ಚಹಾದಂಗಡಿಯಿಂದ ಕಾರವಾರದ ಕಾಲೇಜಿನ ಸ್ಟಾಫ್ ರೂಮಿನವರೆಗೆ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ‘ಇದೆಂಥ ಸಿನಿಮಾ, ಮನೆಮಂದಿ ಕೂತು ನೋಡೋ ಹಾಗೆ ಇದ್ಯಾ?’ ಎನ್ನುವುದು ಒಂದು. ‘ನಮ್ಮ ಜನಕ್ಕೆ ಸಿನಿಮಾ ನೋಡಲಿಕ್ಕೇ ಬರೂದಿಲ್ಲ ಮಾರಾಯ’ ಎನ್ನುವುದು ಇನ್ನೊಂದು. ಮೊದಲನೆಯವರ ಪಾಲಿಗೆ ಎರಡನೆಯವರು ನಾಚಿಕೆಗೆಟ್ಟವರು, ಎರಡನೆಯವರ ಪಾಲಿಗೆ ಮೊದಲನೆಯವರು ಗೊಡ್ಡುಗಳು. ಹಾಗೆಂದು ತೀರ್ಮಾನಿಸಿ ಚಹಾದ ದುಡ್ಡು ಕೊಟ್ಟು ಇಬ್ಬರೂ ಏಳುತ್ತಾರೆ. ಸಿನಿಮಾದ ಬಗ್ಗೆ ಮಾತೇ ಆಗಿರುವುದಿಲ್ಲ.

ಹಳಬರು, ಹೊಸಬರು ಎಂದು ಗೆರೆ ಎಳೆಯುವುದು ಸುಲಭ. ಆದರೆ ಒಂದೇ ಹೆಸರಿನ ಸಿನಿಮಾ ನೋಡಿದ ಇಬ್ಬರು ಜಗಳಕ್ಕೆ ಬಿದ್ದಾಗ ಸ್ವಲ್ಪ ಕೆದಕಿದರೆ, ಮುಕ್ಕಾಲು ಪಾಲು ಜಗಳ ಸಿನಿಮಾಕ್ಕೆ ಸಂಬಂಧಿಸಿದ್ದೇ ಆಗಿರುವುದಿಲ್ಲ. ಯಾವ ಪ್ರತಿಯನ್ನು ನೋಡಿದರು, ಏನೆಂದು ನಂಬಿ ಬಂದರು, ಯಾರ ಪಕ್ಕ ಕೂತಿದ್ದರು ಎಂಬ ಮೂರು ಸಂಗತಿಗಳೇ ಅದರ ಬಹುಪಾಲನ್ನು ನಿರ್ಧರಿಸಿರುತ್ತವೆ. ಇವನ್ನು ಬದಿಗಿಟ್ಟ ಮೇಲೆ ಉಳಿಯುವ ಜಗಳ ಚಿಕ್ಕದು, ಆದರೆ ಆಡಲೇಬೇಕಾದದ್ದು: ಕ್ಯಾಮೆರಾ ಎಲ್ಲಿ ನಿಂತಿತ್ತು, ಯಾರ ಪರವಾಗಿ ನೋಡುತ್ತಿತ್ತು, ಅದರ ಮುಂದೆ ನಿಂತವರ ಒಪ್ಪಿಗೆ ಇತ್ತೇ ಎಂಬುದು.

ನೋಡಿದ್ದು ಒಂದೇ ಸಿನಿಮಾವೇ?

ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವ 2004ರಿಂದ ಗೋವಾದಲ್ಲೇ ನೆಲೆ ನಿಂತಿದೆ. ಕಾರವಾರದಿಂದ ಪಣಜಿ ನೂರು ಕಿಲೋಮೀಟರಿನ ಆಸುಪಾಸು. ಡೆಲಿಗೇಟ್ ಪಾಸ್ ಮಾಡಿಸಿಕೊಂಡು ಹೋದವರು ಸೆನ್ಸಾರ್ ಆಗದ ಪ್ರತಿಯನ್ನೇ ನೋಡಬಹುದು. ನೋಂದಾಯಿತ ವಯಸ್ಕ ಪ್ರತಿನಿಧಿಗಳಿಗೆ ಮಾತ್ರ ಎಂಬ ಷರತ್ತಿನ ಮೇಲೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಚಿತ್ರೋತ್ಸವಗಳಿಗೆ ವಿನಾಯಿತಿ ಕೊಡುತ್ತದೆ. ಅದೇ ಚಿತ್ರ ಮುಂದೆ ಥಿಯೇಟರಿಗೆ ಬಂದರೆ ಸೆನ್ಸಾರ್ ಮಂಡಳಿಯ ‘ಎ’ (ವಯಸ್ಕರಿಗೆ ಮಾತ್ರ) ಪ್ರಮಾಣಪತ್ರ ಬೇಕು, ಅದರ ಜೊತೆಗೆ ಕತ್ತರಿಯೂ ಮಸುಕೂ ಬರಬಹುದು. ‘ಎ’ ಚಿತ್ರವನ್ನು ಟಿವಿಯಲ್ಲಿ ಹಾಗೇ ಹಾಕುವಂತಿಲ್ಲ, ಇನ್ನಷ್ಟು ಕತ್ತರಿಸಿ ಬೇರೆ ಪ್ರಮಾಣಪತ್ರ ಪಡೆಯಬೇಕು. 2023ರ ತಿದ್ದುಪಡಿ ಇದನ್ನು ಸಿನಿಮಾಟೋಗ್ರಾಫ್ ಕಾಯ್ದೆಯಲ್ಲೇ ಬರೆದಿದೆ. ಒಟಿಟಿಗೆ ಮಂಡಳಿಯ ಹಂಗಿಲ್ಲ. ಅಲ್ಲಿ 2021ರ ಐಟಿ ನಿಯಮಗಳ ಪ್ರಕಾರ ಕಂಪನಿಯೇ ವಯಸ್ಸಿನ ವರ್ಗ ಹಾಕುತ್ತದೆ. ಕೆಲವರು ಪೂರ್ಣ ಪ್ರತಿ ಹಾಕುತ್ತಾರೆ, ಕೆಲವರು ಉಸಾಬರಿ ಬೇಡವೆಂದು ಥಿಯೇಟರಿನ ಪ್ರತಿಯನ್ನೇ ಹಾಕಿ ಕೈತೊಳೆದುಕೊಳ್ಳುತ್ತಾರೆ.

ಹೀಗಾಗಿ ಪಣಜಿಯಲ್ಲಿ ನೋಡಿದ ಕಾರವಾರದವರು, ಹುಬ್ಬಳ್ಳಿಯ ಮಲ್ಟಿಪ್ಲೆಕ್ಸಿನಲ್ಲಿ ನೋಡಿದ ಯಲ್ಲಾಪುರದವರು, ಫೋನಿನಲ್ಲಿ ನೋಡಿದ ಸಿದ್ದಾಪುರದವರು ಒಂದೇ ಹೆಸರಿನ ಮೂರು ಸಿನಿಮಾಗಳ ಬಗ್ಗೆ ವಾದ ಮಾಡುತ್ತಿರುತ್ತಾರೆ. ನಾಲ್ಕನೆಯವರೂ ಒಬ್ಬರಿದ್ದಾರೆ: ವಾಟ್ಸಾಪಿನಲ್ಲಿ ಬಂದ ನಲವತ್ತು ಸೆಕೆಂಡಿನ ತುಣುಕು ನೋಡಿದವರು. ಜೋರು ದನಿ ಹೆಚ್ಚಾಗಿ ಇವರದೇ.

ಪರೀಕ್ಷಿಸುವ ವಿಧಾನ ಕಷ್ಟದ್ದಲ್ಲ. ಚಿತ್ರೋತ್ಸವದ ಕೈಪಿಡಿಯಲ್ಲಿರುವ ಅವಧಿಯನ್ನೂ ನಿಮ್ಮ ಪ್ರತಿಯ ಅವಧಿಯನ್ನೂ ಹೋಲಿಸಿ. ವ್ಯತ್ಯಾಸ ಸರಿಯಾಗಿ ನೂರಕ್ಕೆ ನಾಲ್ಕರಷ್ಟಿದ್ದರೆ ಗಾಬರಿ ಬೇಡ. ಸೆಕೆಂಡಿಗೆ 24 ಚೌಕಟ್ಟಿನಲ್ಲಿ ಚಿತ್ರಿಸಿದ್ದನ್ನು ಯುರೋಪಿನ ಟಿವಿ, ಡಿವಿಡಿ ಪದ್ಧತಿಗೆ 25ರ ವೇಗದಲ್ಲಿ ಓಡಿಸಿದ್ದಾರೆ ಅಷ್ಟೆ. 120 ನಿಮಿಷದ ಚಿತ್ರ ಹಾಗೆ ಓಡಿದರೆ 115 ನಿಮಿಷ 12 ಸೆಕೆಂಡಿಗೆ ಮುಗಿಯುತ್ತದೆ, ಒಂದು ಚೌಕಟ್ಟೂ ಹೋಗಿರುವುದಿಲ್ಲ. ಈ ಲೆಕ್ಕಕ್ಕೆ ಸಿಗದ ಎರಡು-ಮೂರು ನಿಮಿಷ ಕಾಣೆಯಾಗಿದ್ದರೆ ಅದು ಕತ್ತರಿ. ಅವಧಿ ಬದಲಾಗದೆಯೂ ಕೈಯಾಡಿಸಬಹುದು, ಮಸುಕು ಹಾಕಿ ಅಥವಾ ಚಿತ್ರವನ್ನೇ ಹಿಗ್ಗಿಸಿ ಬೇಡವಾದ ಭಾಗವನ್ನು ಚೌಕಟ್ಟಿನ ಹೊರಗೆ ತಳ್ಳಿ. ಇದ್ದಕ್ಕಿದ್ದಂತೆ ಒಂದು ಶಾಟ್ ಮಾತ್ರ ಕಾಳುಕಾಳಾಗಿ ಕಂಡರೆ, ಪಾತ್ರದ ನೆತ್ತಿ ವಿನಾಕಾರಣ ಕತ್ತರಿಸಿಹೋಗಿದ್ದರೆ, ಅಲ್ಲಿ ಹಿಗ್ಗಿಸಿದ್ದಾರೆ ಎಂದೇ ಲೆಕ್ಕ.

ಇಷ್ಟು ತಲೆಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ಕತ್ತರಿ ಬೀಳುವುದು ಸಾಮಾನ್ಯವಾಗಿ ದೃಶ್ಯದ ನಡುವಿಗೆ ಮತ್ತು ಕೊನೆಗೆ. ಆಸೆಯಿಂದ ಶುರುವಾಗಿ ಅವಮಾನದಲ್ಲೋ ಅಳುವಿನಲ್ಲೋ ಮುಗಿಯುವ ದೃಶ್ಯದ ಆಸೆಯಷ್ಟೇ ಉಳಿದು, ಉಳಿದದ್ದು ಹಾರಿಹೋಗುತ್ತದೆ. ಪೂರ್ಣ ಪ್ರತಿ ನೋಡಿದವರಿಗೆ ಸಂಕಟ ತಂದ ದೃಶ್ಯ ಕತ್ತರಿಸಿದ ಪ್ರತಿಯಲ್ಲಿ ಬರೀ ಕಚಗುಳಿಯಾಗಿಬಿಡುತ್ತದೆ. ‘ಇದು ಜನರನ್ನು ಕೆರಳಿಸಲು ಮಾಡಿದ್ದು’ ಎಂದವರು ಸುಳ್ಳು ಹೇಳಿಲ್ಲ, ಅವರಿಗೆ ಕಂಡದ್ದೇ ಅದು.

ಟಿಕೆಟ್ ಕೊಳ್ಳುವ ಮುಂಚಿನ ಜಗಳ

2017ರಲ್ಲಿ ಸನಲ್ ಕುಮಾರ್ ಶಶಿಧರನ್ ಅವರ ಮಲಯಾಳಂ ಚಿತ್ರ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಟೈಗರ್ ಪ್ರಶಸ್ತಿ ಪಡೆಯಿತು. ಹೆಸರು ‘ಸೆಕ್ಸಿ ದುರ್ಗಾ’. ರಾತ್ರಿ ಹೊತ್ತು ರಸ್ತೆಯಲ್ಲಿ ವಾಹನಕ್ಕಾಗಿ ಕೈ ಅಡ್ಡ ಹಾಕುವ ಜೋಡಿಯೊಂದರ ಭಯವೇ ಚಿತ್ರದ ವಸ್ತು, ಶೃಂಗಾರದ ಸುಳಿವೂ ಅದರಲ್ಲಿಲ್ಲ. ಆದರೂ ಹೆಸರು ‘ಎಸ್ ದುರ್ಗಾ’ ಆಗಬೇಕಾಯಿತು. ಆ ವರ್ಷ ಗೋವಾ ಚಿತ್ರೋತ್ಸವಕ್ಕೆ ತೀರ್ಪುಗಾರರು ಆರಿಸಿದ ಪಟ್ಟಿಯಿಂದ ಅದನ್ನೂ, ರವಿ ಜಾಧವ್ ಅವರ ಮರಾಠಿ ಚಿತ್ರ ‘ನ್ಯೂಡ್’ ಅನ್ನೂ ಸಚಿವಾಲಯ ತೆಗೆದುಹಾಕಿತು. ತೀರ್ಪುಗಾರರ ಅಧ್ಯಕ್ಷ ಸುಜೋಯ್ ಘೋಷ್ ರಾಜೀನಾಮೆ ಕೊಟ್ಟರು. ತೋರಿಸಿ ಎಂದು ಕೇರಳ ಹೈಕೋರ್ಟ್ ಹೇಳಿದರೂ ಚಿತ್ರ ಅಲ್ಲಿ ತೆರೆ ಕಾಣಲಿಲ್ಲ. ಪರ ಮಾತಾಡಿದವರು, ವಿರುದ್ಧ ಮಾತಾಡಿದವರು ಇಬ್ಬರಲ್ಲೂ ಹೆಚ್ಚಿನವರು ಅದನ್ನು ನೋಡಿಯೇ ಇರಲಿಲ್ಲ.

ಟ್ರೇಲರ್ ಮಾಡುವ ಅನಾಹುತ ಇದಕ್ಕಿಂತ ಸಣ್ಣದು, ಆದರೆ ದಿನನಿತ್ಯದ್ದು. ಎರಡು ಗಂಟೆ ಇಪ್ಪತ್ತು ನಿಮಿಷದ ಚಿತ್ರದಲ್ಲಿ ಹಾಸಿಗೆಯ ದೃಶ್ಯ ಏಳೆಂಟು ನಿಮಿಷ ಇದ್ದೀತು. ಎರಡು ನಿಮಿಷದ ಟ್ರೇಲರಿನಲ್ಲಿ ಅದರ ಐದಾರು ಶಾಟುಗಳು ಬಂದು ಕೂರುತ್ತವೆ. ಅದನ್ನು ನಂಬಿ ಬಂದವರಿಗೆ ಮಳೆ ನೋಡುತ್ತ ಕೂತ ಹೆಂಗಸಿನ ಆರು ನಿಮಿಷದ ಶಾಟ್ ಸಿಗುತ್ತದೆ. ಆ ಶಾಟನ್ನು ಮೆಚ್ಚಬಹುದಾಗಿದ್ದವರು ಟ್ರೇಲರ್ ನೋಡಿ ಮೂಗು ಮುರಿದು ಮನೆಯಲ್ಲೇ ಉಳಿದಿರುತ್ತಾರೆ. ಇಂಥ ಚಿತ್ರಗಳನ್ನು ಬೈಯುವವರಲ್ಲಿ ಆಘಾತಗೊಂಡವರಿಗಿಂತ ಆಕಳಿಸಿದವರೇ ಜಾಸ್ತಿ. ಬೇಸರ ಬಂತು ಎನ್ನಲು ಸಂಕೋಚಪಟ್ಟು ‘ಅಶ್ಲೀಲ’ ಎನ್ನುತ್ತಾರೆ, ಆ ಪದಕ್ಕೆ ಒಂದು ಗೌರವವಿದೆಯಲ್ಲ.

ಅತ್ತೆ, ಸೊಸೆ, ಅಪ್ಪ, ಮಗ

ಮುಜುಗರವನ್ನು ಹಳ್ಳಿಗಾಡಿನ ರೋಗವೆಂದು ತಳ್ಳಿಹಾಕುವವರು ಭರತನ ನಾಟ್ಯಶಾಸ್ತ್ರವನ್ನು ತಿರುವಿ ನೋಡಬೇಕು. ಚುಂಬನ, ಆಲಿಂಗನ, ಮಲಗುವುದು ಇತ್ಯಾದಿಯನ್ನು ರಂಗದ ಮೇಲೆ ತೋರಿಸಬಾರದೆಂದು ಅಲ್ಲಿ ಹೇಳಿದೆ. ಕೊಟ್ಟ ಕಾರಣ ಪಾಪಪುಣ್ಯದ್ದಲ್ಲ: ತಂದೆ, ಮಗ, ಸೊಸೆ, ಅತ್ತೆ ಒಟ್ಟಿಗೆ ಕೂತು ನೋಡುವ ನಾಟಕ ಇದು, ಆದ್ದರಿಂದ ಬೇಡ. ಶೃಂಗಾರವನ್ನು ರಸಗಳ ಸಾಲಿನಲ್ಲಿ ಮೊದಲು ಕೂರಿಸಿದ ಗ್ರಂಥವೇ ಈ ಮಾತು ಹೇಳುತ್ತದೆ. ಅಡ್ಡಿ ಇರುವುದು ವಿಷಯಕ್ಕಲ್ಲ, ಪಕ್ಕದ ಕುರ್ಚಿಗೆ.

ನಮ್ಮ ಕಡೆಯ ಪ್ರೇಕ್ಷಕರು ಕಾಮದ ಮಾತಿಗೆ ಹೆದರುವವರೂ ಅಲ್ಲ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಬರುವ ಕಂಪನಿ ನಾಟಕಗಳ ದ್ವಂದ್ವಾರ್ಥದ ಹಾಸ್ಯಕ್ಕೆ ಅಜ್ಜ, ಮೊಮ್ಮಗ ಇಬ್ಬರೂ ನಗುತ್ತಾರೆ. ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ, ಭಸ್ಮಾಸುರ ಪಾತ್ರಗಳಿಗೆ ರಾತ್ರಿಯಿಡೀ ಕಾದು ಕೂತ ಜನ ಇವರು. ಸೈರಂಧ್ರಿಯನ್ನು ಕಂಡ ಕೀಚಕನ ಕಣ್ಣು, ಕುತ್ತಿಗೆ, ಹೆಜ್ಜೆಯಲ್ಲಿ ಉಕ್ಕುವುದು ಕಾಮವಲ್ಲದೆ ಮತ್ತೇನು? ಅಲ್ಲಿ ಒಪ್ಪಿದವರು ಸಿನಿಮಾದಲ್ಲಿ ಯಾಕೆ ಮುಖ ತಿರುಗಿಸುತ್ತಾರೆ?

ಯಕ್ಷಗಾನದಲ್ಲಿ ಬಣ್ಣವಿದೆ, ಕಿರೀಟವಿದೆ, ಚಂಡೆಯ ಪೆಟ್ಟಿದೆ. ಎದುರಿಗಿರುವುದು ವೇಷ ಎಂಬುದು ಒಂದು ಕ್ಷಣವೂ ಮರೆಯುವುದಿಲ್ಲ. ಸೈರಂಧ್ರಿ ಕೂಡ ಹೆಚ್ಚಾಗಿ ಗಂಡಸಿನ ವೇಷವೇ. ಕಥೆ ಗೊತ್ತಿದೆ, ಬೆಳಗಾಗುವುದರೊಳಗೆ ಭೀಮ ಬಂದು ಲೆಕ್ಕ ಚುಕ್ತಾ ಮಾಡುತ್ತಾನೆ. ನಾಟಕದ ಹಾಸ್ಯದಲ್ಲಿ ನಗುವೇ ರಹದಾರಿ, ಎಲ್ಲರೂ ನಕ್ಕರೆ ಯಾರ ಮೇಲೂ ತಪ್ಪಿಲ್ಲ. ಕಲಾಚಿತ್ರ ಈ ಊರುಗೋಲುಗಳನ್ನೆಲ್ಲ ಕಸಿಯುತ್ತದೆ. ನಿಜವಾದ ಚರ್ಮ, ಬೆವರು, ಉಸಿರು. ಹಿನ್ನೆಲೆ ಸಂಗೀತವಿಲ್ಲ, ನಗಲು ಜಾಗವಿಲ್ಲ, ಕೊನೆಗೆ ಭೀಮನೂ ಬರುವುದಿಲ್ಲ. ‘ಕೊನೆಗೆ ಏನು ಹೇಳಿದ ಹಾಗಾಯ್ತು?’ ಎಂಬ ಪ್ರಶ್ನೆ ಹುಟ್ಟುವುದು ಈ ಜಾಗದಲ್ಲಿ. ತಪ್ಪಿದ ಹೆಣ್ಣಿಗೆ ಕೊನೆಯ ರೀಲಿನಲ್ಲಿ ಶಿಕ್ಷೆಯಾಗುವುದನ್ನು ನೋಡಿ ನೋಡಿ ರೂಢಿಯಾದವರಿಗೆ, ಶಿಕ್ಷೆಯಿಲ್ಲದೆ ಅವಳು ಬಸ್ಸು ಹತ್ತಿ ಹೋದರೆ ಸಿನಿಮಾ ಮುಗಿದಂತೆಯೇ ಅನಿಸುವುದಿಲ್ಲ.

ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ರಸಕ್ಕೆ ಏಳು ವಿಘ್ನಗಳನ್ನು ಪಟ್ಟಿ ಮಾಡಿದ್ದಾನೆ. ಅವುಗಳಲ್ಲೊಂದು, ನೋಡುವವನು ತನ್ನದೇ ಸುಖದುಃಖಗಳಿಗೆ ವಶನಾಗಿಬಿಡುವುದು. ಕಾಮದ ದೃಶ್ಯದಲ್ಲಿ ಈ ವಿಘ್ನ ಎರಡು ದಿಕ್ಕಿನಿಂದ ಬರುತ್ತದೆ. ಕೆರಳಿದವನಿಗೂ ಪಾತ್ರ ಕಾಣುವುದಿಲ್ಲ, ಪಕ್ಕದಲ್ಲಿ ಕೂತ ಮಾವ ಏನೆಂದುಕೊಂಡಾರು ಎಂದು ಬೆವರುವವನಿಗೂ ಕಾಣುವುದಿಲ್ಲ. ಇಬ್ಬರೂ ಆ ಮೂರು ನಿಮಿಷ ಸಿನಿಮಾ ನೋಡಿರುವುದಿಲ್ಲ, ಹೊರಗೆ ಬಂದು ಅದರ ಬಗ್ಗೆಯೇ ಹೆಚ್ಚು ಮಾತಾಡುತ್ತಾರೆ.

ಬನವಾಸಿಯನ್ನು ನೆನೆದು ನೆನೆದು ಹಂಬಲಿಸಿದ ಪಂಪ 941ರ ‘ಆದಿಪುರಾಣ’ದಲ್ಲಿ ಇದೇ ಸಮಸ್ಯೆಯನ್ನು ತುಂಬಿದ ಸಭೆಯಲ್ಲಿಟ್ಟು ತೋರಿಸಿದ್ದಾನೆ. ದೇವನರ್ತಕಿ ನೀಲಾಂಜನೆ ಕುಣಿಯುತ್ತಿದ್ದಾಳೆ, ನಡುವೆಯೇ ಆಯುಷ್ಯ ಮುಗಿದು ಮಾಯವಾಗುತ್ತಾಳೆ. ರಸಭಂಗವಾಗದಿರಲಿ ಎಂದು ಇಂದ್ರ ಅಂಥದೇ ರೂಪವನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ವ್ಯತ್ಯಾಸ ತಿಳಿಯುವುದೇ ಇಲ್ಲ, ಕುಣಿತ ಸಾಗುತ್ತದೆ. ಸಭೆಯ ಒಡೆಯ, ಮುಂದೆ ಮೊದಲ ತೀರ್ಥಂಕರನಾಗುವ ಆದಿದೇವನಿಗೆ ಮಾತ್ರ ತಿಳಿಯುತ್ತದೆ, ಅವನು ವೈರಾಗ್ಯಕ್ಕೆ ತಿರುಗುತ್ತಾನೆ. ಅದೇ ರಂಗ, ಅದೇ ಹೆಣ್ಣು, ಅದೇ ಲಯ. ಸಭಿಕರಿಗೆ ರಸಿಕತೆ ಕಡಿಮೆಯಿತ್ತೆಂದು ಪಂಪ ಎಲ್ಲೂ ಗೇಲಿ ಮಾಡುವುದಿಲ್ಲ. ಇವತ್ತಿನ ವಿಮರ್ಶಕರಿಗೆ ಆ ಸೌಜನ್ಯ ಇದ್ದಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತಿತ್ತು.

ಕ್ಯಾಮೆರಾ ಎಲ್ಲಿ ನಿಂತಿತ್ತು

ಈಗ ನಿಜವಾದ ಜಗಳಕ್ಕೆ ಬರೋಣ. ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳಿ: ಕುಮಟಾದ ಕಡೆಯ ಹಂಚಿನ ಮನೆ, ಮಧ್ಯಾಹ್ನ ಮೂರು ಗಂಟೆ, ಮಂಚದ ಮೇಲೆ ಹೆಣ್ಣು, ಗಂಡು. ಇದನ್ನು ಎರಡು ರೀತಿ ಚಿತ್ರಿಸಬಹುದು.

ಮೊದಲ ರೀತಿಯಲ್ಲಿ ಕ್ಯಾಮೆರಾ ಅವಳ ಕಾಲುಂಗುರದಿಂದ ಹೊರಟು ಮೀನಖಂಡ, ಸೊಂಟ, ಬೆನ್ನು ಎಂದು ಮೇಲೇರುತ್ತದೆ. ನಲವತ್ತು ಸೆಕೆಂಡಿಗೆ ಹನ್ನೆರಡು ಶಾಟುಗಳು, ಪ್ರತಿಯೊಂದರಲ್ಲೂ ಅವಳ ಒಂದೊಂದು ತುಂಡು. ಬದಿಯಿಂದ ಬಿದ್ದ ಹಳದಿ ಬೆಳಕು, ಕೊಳಲು. ಅವನ ಮುಖ ಒಮ್ಮೆಯೂ ಕಾಣುವುದಿಲ್ಲ, ಅವಳ ಮುಖ ಕಂಡರೂ ಕಣ್ಣು ಮುಚ್ಚಿರುತ್ತದೆ. ಸೀರೆ ಎಲ್ಲಿಯೂ ಪೂರ್ತಿ ಜಾರುವುದಿಲ್ಲ.

ಎರಡನೆಯದರಲ್ಲಿ ಕ್ಯಾಮೆರಾ ಬಾಗಿಲ ಹತ್ತಿರ ಎದೆಮಟ್ಟದಲ್ಲಿ ನಿಂತಿದೆ, ಅಲುಗುವುದಿಲ್ಲ. ಮೂರೂವರೆ ನಿಮಿಷದ ಒಂದೇ ಶಾಟ್. ಇಬ್ಬರೂ ಬೆತ್ತಲೆ, ಇಬ್ಬರ ಮುಖವೂ ಕಾಣುತ್ತದೆ. ಫ್ಯಾನಿನ ಕಿರಕಿರ, ಹೊರಗೆ ಮೀನು ಮಾರುವವಳ ಕೂಗು. ಅವಳು ಒಮ್ಮೆ ಏನೋ ಹೇಳುತ್ತಾಳೆ, ಅವನು ಕೇಳಿಸಿಕೊಳ್ಳುವುದಿಲ್ಲ. ಮುಗಿದ ಮೇಲೆ ಅವನು ಅಂಗಿ ಹುಡುಕುತ್ತಾನೆ, ಅವಳು ಹೇರ್‌ಪಿನ್ ಹುಡುಕುತ್ತಾಳೆ.

ಮೈ ಎಷ್ಟು ಕಂಡಿತು ಎಂದು ಅಳೆದರೆ ಎರಡನೆಯದೇ ಹೆಚ್ಚು ‘ಅಶ್ಲೀಲ’. ಆದರೆ ಮೊದಲನೆಯದರಲ್ಲಿ ಅವಳು ಯಾರು ಎನ್ನುವುದೇ ಇಲ್ಲ, ನಮ್ಮ ಕಣ್ಣಿಗೆ ಬಡಿಸಿದ ತುಂಡುಗಳಷ್ಟೇ ಇವೆ. ಬ್ರಿಟಿಷ್ ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರ ಪ್ರಬಂಧದಲ್ಲಿ ಗಂಡುನೋಟ ಎಂದು ಗುರುತಿಸಿದ್ದು ಇದನ್ನೇ: ಗಂಡು ನೋಡುವವನು, ಹೆಣ್ಣು ನೋಡಿಸಿಕೊಳ್ಳುವವಳು, ಪ್ರೇಕ್ಷಕರನ್ನೂ ಕ್ಯಾಮೆರಾ ಗಂಡಿನ ಕುರ್ಚಿಯಲ್ಲೇ ಕೂರಿಸುತ್ತದೆ. ಹಾಗಾಗಿ ದೃಶ್ಯದ ಮುಂದೆ ಇಡಬೇಕಾದ ಪ್ರಶ್ನೆಗಳು ಬೇರೆ. ಯಾರ ಮುಖ ಎಷ್ಟು ಹೊತ್ತು ಕಂಡಿತು? ಬೆಳಕು ಇಬ್ಬರ ಮೇಲೂ ಒಂದೇ ತರಹ ಬಿತ್ತೇ, ಇಲ್ಲ ಅವಳ ಮೇಲೆ ಮಾತ್ರವೇ? ದೃಶ್ಯ ಮುಗಿದಾಗ ಪಾತ್ರಗಳ ನಡುವೆ ಏನಾದರೂ ಬದಲಾಗಿತ್ತೇ? ಆ ದೃಶ್ಯವನ್ನು ಇಡಿಯಾಗಿ ತೆಗೆದರೆ ಮುಂದಿನ ಯಾವ ಮಾತು ಅರ್ಥವಾಗದೆ ಹೋಗುತ್ತದೆ? ಕೊನೆಯದಕ್ಕೆ ಉತ್ತರ ‘ಯಾವುದೂ ಇಲ್ಲ’ ಎಂದಾದರೆ, ಚಿತ್ರಕ್ಕೆ ಎಷ್ಟು ಪ್ರಶಸ್ತಿ ಬಂದಿದ್ದರೂ ಆ ದೃಶ್ಯ ಸರಕು.

ಎರಡನೆಯ ರೀತಿಗೂ ವಿನಾಯಿತಿ ಕೊಡಬೇಕಿಲ್ಲ. ಅಲುಗದ ಕ್ಯಾಮೆರಾ, ದೀರ್ಘ ಮೌನ, ಸಂಗೀತವಿಲ್ಲದ ಬೆತ್ತಲೆ ಇವೇ ಈಗ ಚಿತ್ರೋತ್ಸವಗಳ ಸಮವಸ್ತ್ರವಾಗಿವೆ. ಹೇಳಲು ಏನೂ ಇಲ್ಲದವರೂ ಅದನ್ನು ತೊಟ್ಟು ಬರುತ್ತಾರೆ. ನಿಧಾನವಾಗಿರುವುದೆಲ್ಲ ಆಳವಾಗಿರುವುದಿಲ್ಲ. ‘ಬೋರಾಯಿತು’ ಎಂದ ಪ್ರೇಕ್ಷಕ ಕೆಲವೊಮ್ಮೆ ಸರಿಯಾಗಿಯೇ ಹೇಳಿರುತ್ತಾನೆ.

ಒಪ್ಪಿಗೆಯ ವಿಷಯ ಇದಕ್ಕಿಂತ ಗಂಭೀರ. ಇಟಲಿಯ ನಿರ್ದೇಶಕ ಬರ್ತೊಲುಚಿಯ 1972ರ ‘ಲಾಸ್ಟ್ ಟ್ಯಾಂಗೋ ಇನ್ ಪ್ಯಾರಿಸ್’ ಚಿತ್ರವನ್ನು ಒಂದು ಕಾಲಕ್ಕೆ ಧೈರ್ಯಕ್ಕೆ ಹೆಸರಾದ ಕೃತಿಯೆಂದು ಹೊಗಳುತ್ತಿದ್ದರು. ಇಟಲಿಯ ನ್ಯಾಯಾಲಯ 1976ರಲ್ಲಿ ಪ್ರತಿಗಳನ್ನೇ ನಾಶಮಾಡಲು ಆದೇಶಿಸಿತ್ತು, ಆಗ ಪ್ರಗತಿಪರರೆಲ್ಲ ಚಿತ್ರದ ಪರ ನಿಂತಿದ್ದರು. ಮುಂದೆ ನಟಿ ಮಾರಿಯಾ ಷ್ನೈಡರ್, ಬೆಣ್ಣೆ ಬಳಸಿದ ಕುಖ್ಯಾತ ಬಲಾತ್ಕಾರದ ದೃಶ್ಯದ ಬಗ್ಗೆ ತನಗೆ ಮೊದಲೇ ತಿಳಿಸಿರಲಿಲ್ಲ, ಅವಮಾನವಾಯಿತು ಎಂದರು. ಚಿತ್ರೀಕರಣದ ವೇಳೆ ಅವರಿಗೆ 19 ವರ್ಷ. ಬೆಣ್ಣೆಯ ವಿವರ ಮುಚ್ಚಿಟ್ಟದ್ದನ್ನು ನಿರ್ದೇಶಕರೇ 2013ರ ಸಂದರ್ಶನದಲ್ಲಿ ಒಪ್ಪಿದರು. ಚಿತ್ರದ ಒಂದು ಚೌಕಟ್ಟೂ ಬದಲಾಗಲಿಲ್ಲ, ಆದರೆ ಅಂದು ಪರ ನಿಂತ ಅನೇಕರಿಗೆ ಈಗ ಅದನ್ನು ನೋಡಲಾಗುವುದಿಲ್ಲ. 2013ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ‘ಬ್ಲೂ ಈಸ್ ದ ವಾರ್ಮೆಸ್ಟ್ ಕಲರ್’ ಕಥೆಯೂ ಹೆಚ್ಚು ಕಡಿಮೆ ಹೀಗೇ. ಪ್ರಶಸ್ತಿಯನ್ನು ನಿರ್ದೇಶಕರ ಜೊತೆ ಹಂಚಿಕೊಂಡ ನಟಿಯರಿಬ್ಬರೂ ಚಿತ್ರೀಕರಣದ ಹಿಂಸೆಯ ಬಗ್ಗೆ ಮಾತಾಡಿದರು. ಮೂಲ ಚಿತ್ರಕಾದಂಬರಿ ಬರೆದವರಿಗೇ ಆ ಹಾಸಿಗೆಯ ದೃಶ್ಯಗಳು ಒಪ್ಪಿಗೆಯಾಗಲಿಲ್ಲ. ಇವರಲ್ಲಿ ಯಾರನ್ನೂ ನೈತಿಕ ಪೊಲೀಸರೆಂದು ಕರೆಯಲಾಗದು.

ಈಗ ಬಹಳಷ್ಟು ನಿರ್ಮಾಣಗಳಲ್ಲಿ ಇಂಟಿಮಸಿ ಕೋಆರ್ಡಿನೇಟರ್ ಇರುತ್ತಾರೆ. ಯಾವ ಭಾಗ ಕಾಣುತ್ತದೆ, ಯಾವ ಸ್ಪರ್ಶ ಇದೆ, ಸೆಟ್ಟಿನಲ್ಲಿ ಯಾರಿರಬಹುದು ಎಂಬುದನ್ನು ಮೊದಲೇ ಬರೆದು ಸಹಿ ಹಾಕಿಸುತ್ತಾರೆ, ಹೊಡೆದಾಟದ ದೃಶ್ಯದ ಹಾಗೆಯೇ ಚಲನೆಯನ್ನು ತಾಲೀಮು ಮಾಡಿಸುತ್ತಾರೆ. ಕೊನೆಯ ಹೆಸರುಪಟ್ಟಿಯಲ್ಲಿ ಇವರ ಹೆಸರಿದೆಯೇ ಎಂದು ನೋಡುವ ಅಭ್ಯಾಸ ಒಳ್ಳೆಯದು.

ಕಾನೂನಿನ ಮಾತು ಚುಟುಕಾಗಿ. ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ 1970ರಲ್ಲೇ ಸುಪ್ರೀಂ ಕೋರ್ಟ್ ಸೆನ್ಸಾರನ್ನು ಎತ್ತಿಹಿಡಿಯುತ್ತಲೇ ಲೈಂಗಿಕತೆಯೂ ಅಶ್ಲೀಲತೆಯೂ ಯಾವಾಗಲೂ ಒಂದೇ ಅಲ್ಲ ಎಂದಿತು. 2014ರ ಅವೀಕ್ ಸರ್ಕಾರ್ ತೀರ್ಪಿನಲ್ಲಿ ಸಮಕಾಲೀನ ಸಮಾಜದ ಮಾನದಂಡವೇ ಅಳತೆಗೋಲು ಎಂದಾಯಿತು. ಚಿತ್ರವನ್ನು ಇಡಿಯಾಗಿ ನೋಡಿ ಅಳೆಯಬೇಕೆಂದು ಮಂಡಳಿಯ ಮಾರ್ಗಸೂಚಿಯೇ ಹೇಳುತ್ತದೆ. ತುಣುಕು ಕತ್ತರಿಸಿ ಗ್ರೂಪಿಗೆ ಹಾಕುವವರು ಮಾತ್ರ ಹುಷಾರಾಗಿರಬೇಕು. ಲೈಂಗಿಕ ಕ್ರಿಯೆಯ ದೃಶ್ಯವನ್ನು ಫೋನಿನಲ್ಲಿ ಹಂಚಿದರೆ ಐಟಿ ಕಾಯ್ದೆಯ 67ಎ ಕಲಂ ಅಡಿ ಮೊದಲ ಅಪರಾಧಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಇದೆ. ‘ನೋಡಿ, ಎಂಥ ಹೊಲಸು’ ಎಂದು ಮೇಲೆ ಬರೆದು ಕಳಿಸಿದರೆ ತಪ್ಪಿಸಿಕೊಂಡೆವು ಎಂದು ಯಾರೂ ಭಾವಿಸಬೇಕಿಲ್ಲ.

ಊರಿನಲ್ಲಿ ತೋರಿಸುವುದಾದರೆ

ಪಕ್ಕದ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಶುರುವಾದದ್ದು 1973ರಲ್ಲಿ. ಅಡಕೆ ತೋಟದ ನಡುವಿನ ಊರಿಗೆ ಜಗತ್ತಿನ ಸಿನಿಮಾ ಬಂದು ಅರ್ಧ ಶತಮಾನ ಕಳೆದಿದೆ. ಹಾಗಾಗಿ ಜನಕ್ಕೆ ಅರ್ಥವಾಗುವುದಿಲ್ಲ ಎಂಬ ನೆಪ ಇಲ್ಲಿ ನಡೆಯದು. ಪ್ರದರ್ಶನ ಕೆಡುವುದು ಬಹುಪಾಲು ವ್ಯವಸ್ಥೆಯಲ್ಲಿ.

ಮೊದಲು ಕಾಗದಪತ್ರ. ಒಟಿಟಿ ಚಂದಾ ಇದೆ ಎಂದ ಮಾತ್ರಕ್ಕೆ ಸಭಾಭವನದಲ್ಲಿ ತೋರಿಸುವ ಹಕ್ಕು ಬರುವುದಿಲ್ಲ, ಹಕ್ಕುದಾರರಿಂದ ಬರವಣಿಗೆಯಲ್ಲಿ ಅನುಮತಿ ಬೇಕು. ಪ್ರಮಾಣಪತ್ರವಿಲ್ಲದ ಚಿತ್ರದ ಸಾರ್ವಜನಿಕ ಪ್ರದರ್ಶನ ಅಪರಾಧ. ‘ಎ’ ಇದ್ದರೆ 18 ತುಂಬದವರನ್ನು ಅಪ್ಪ-ಅಮ್ಮ ಕರೆತಂದರೂ ಬಿಡುವಂತಿಲ್ಲ, ಬಾಗಿಲಲ್ಲಿ ಗುರುತಿನ ಚೀಟಿ ನೋಡಲು ಒಬ್ಬರು ನಿಲ್ಲಲೇಬೇಕು. ಸಭಾಭವನಕ್ಕೆ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ ಹೇಗೆ ಅನ್ವಯಿಸುತ್ತದೆ ಎಂದು ಹದಿನೈದು ದಿನ ಮುಂಚೆಯೇ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಸದಸ್ಯರಿಗೆ ಮಾತ್ರ ಎಂದು ಬೋರ್ಡು ಹಾಕಿದರೆ ಎಲ್ಲ ನಿಯಮವೂ ಕಳಚಿಕೊಳ್ಳುವುದಿಲ್ಲ.

ಕರೆಯೋಲೆಯಲ್ಲಿ ‘ಬೋಲ್ಡ್’, ‘ಹಸಿಬಿಸಿ’, ‘ವಿವಾದಾತ್ಮಕ’ ಎಂಬ ಪದಗಳು ಬೇಡವೇ ಬೇಡ. ಬೇಕಾದದ್ದು ಇಷ್ಟು: ಅವಧಿ, ಭಾಷೆ, ಸಬ್‌ಟೈಟಲ್ ಯಾವ ಭಾಷೆಯದು, ಇಂಟರ್‌ವಲ್ ಇಲ್ಲ ಎಂಬ ಸೂಚನೆ, ವಯಸ್ಸಿನ ಮಿತಿ, ಏನೇನು ಕಾಣುತ್ತದೆ ಎಂಬ ನೇರ ವಾಕ್ಯ. ‘ಚಿತ್ರದಲ್ಲಿ ನಗ್ನತೆ ಮತ್ತು ದೀರ್ಘ ಲೈಂಗಿಕ ದೃಶ್ಯಗಳಿವೆ, ಒಂದು ಕಡೆ ಬಲಾತ್ಕಾರವಿದೆ’ ಎಂದು ಬರೆದರೆ ಸಾಕು. ಬಲಾತ್ಕಾರದ ಮಾತನ್ನು ಬಿಡಲೇಬಾರದು. ನಗ್ನತೆಗೆ ಸಿದ್ಧರಾಗಿ ಬಂದವರೂ ಅದಕ್ಕೆ ಸಿದ್ಧರಾಗಿರುವುದಿಲ್ಲ. ಜೊತೆಗೆ ಅರ್ಧ ಪುಟದ ಕನ್ನಡ ಕಥಾಸಾರ ಹಂಚಿ. ಇಂಗ್ಲಿಷ್ ಸಬ್‌ಟೈಟಲ್ ಓದಲು ತಿಣುಕುವವರ ಕಣ್ಣು ಚಿತ್ರದುದ್ದಕ್ಕೂ ತೆರೆಯ ಕೆಳಗಡೆಯೇ ಇರುತ್ತದೆ. ಮಾತಿಲ್ಲದ ಹಾಸಿಗೆಯ ದೃಶ್ಯ ಬಂದಾಗಲೇ ಅದು ಮೇಲೆ ಏರುವುದು. ಅಂಥವರಿಗೆ ಇಡೀ ಚಿತ್ರ ಅದೇ ದೃಶ್ಯಗಳ ಸರಮಾಲೆಯಂತೆ ನೆನಪಿನಲ್ಲಿ ಉಳಿದರೆ ಆಶ್ಚರ್ಯವಿಲ್ಲ.

ಹೊತ್ತಿನ ಲೆಕ್ಕ ಬಸ್ಸಿನ ಮೇಲೆ. 140 ನಿಮಿಷದ ಚಿತ್ರವನ್ನು ಆರೂವರೆಗೆ ಶುರು ಮಾಡಿದರೆ ಮುಗಿಯುವುದು ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ, ಅಷ್ಟರಲ್ಲಿ ಹಳ್ಳಿ ಕಡೆಯ ಕೊನೆಯ ಬಸ್ ಹೋಗಿರುತ್ತದೆ. ಎಂಟೂಕಾಲಿಗೆ ಹತ್ತು ಜನ ಎದ್ದರೆ ‘ಪ್ರತಿಭಟಿಸಿ ಹೊರನಡೆದರು’ ಎಂದು ಸುದ್ದಿಯಾಗುತ್ತದೆ, ಪಾಪ ಅವರು ಬಸ್ಸಿಗೆ ಓಡಿದ್ದು. ನಾಲ್ಕೂವರೆಗೆ ಶುರು ಮಾಡಿದರೆ ಮಾತುಕತೆಗೂ ಮುಕ್ಕಾಲು ಗಂಟೆ ಸಿಗುತ್ತದೆ. ಆ ಹೊತ್ತಿಗೆ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಬೇಕು. ಹತ್ತಡಿ ಅಗಲದ ತೆರೆಗೆ 3000ದಿಂದ 3500 ಲ್ಯುಮೆನ್ ಪ್ರೊಜೆಕ್ಟರ್ ಸಾಕು, ಆದರೆ ಬೆಳಕು ಸೋರಿದರೆ ಕತ್ತಲ ದೃಶ್ಯಗಳು ಬೂದು ಬಣ್ಣದ ಮುದ್ದೆಯಾಗುತ್ತವೆ.

ಸಭಾಭವನದ ಬಾಗಿಲು ತೆರೆಯ ಪಕ್ಕದಲ್ಲಿದೆಯೋ ಪ್ರೇಕ್ಷಕರ ಹಿಂದೆಯೋ ಎಂದು ಮೊದಲೇ ನೋಡಿ. ತೆರೆಯ ಪಕ್ಕದಲ್ಲಿದ್ದರೆ ತೆರೆಯನ್ನು ಎದುರು ಗೋಡೆಗೆ ಹಾಕಿ. ಇಲ್ಲವಾದರೆ ಎದ್ದು ಹೋಗುವವರ ನೆರಳು ಸರಿಯಾಗಿ ಆ ಹಾಸಿಗೆಯ ಮೇಲೆಯೇ ಬೀಳುತ್ತದೆ, ಇಡೀ ಸಭೆ ಗೊಳ್ಳೆಂದು ನಗುತ್ತದೆ, ಆಮೇಲೆ ಚಿತ್ರ ಸುಧಾರಿಸಿಕೊಳ್ಳುವುದಿಲ್ಲ. ಬಿಟ್ಟು ಹೋಗಲು ದಾರಿ ಸಲೀಸಾಗಿರುವುದು ಕೂಡ ಒಂದು ಬಗೆಯ ಗೌರವ. ಮಳೆಗಾಲದ ನಾಲ್ಕು ತಿಂಗಳು ಶೀಟ್ ಮಾಡಿನ ಸಭಾಭವನ ಬೇಡ, ಉಸಿರಿನ ಸದ್ದಿನ ಮೇಲೆ ನಿಂತ ಚಿತ್ರ ಆ ಮಳೆಯಲ್ಲಿ ಮೂಕಿಯಾಗುತ್ತದೆ.

ಕರೆಂಟಿನ ವಿಷಯ ಮರೆತರೆ ಸಂಘಟಕರ ಕುತ್ತಿಗೆಗೆ ಬರುತ್ತದೆ. ಮುಖ್ಯ ದೃಶ್ಯದಲ್ಲೇ ಕರೆಂಟ್ ಹೋಗಿ, ಬರುವಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ಚಿತ್ರ ಮುಂದೆ ಓಡಿದ್ದರೆ, ಬೇಕೆಂದೇ ಕತ್ತರಿಸಿದರು ಎಂದು ಅರ್ಧ ಸಭೆ ನಂಬುತ್ತದೆ. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಚಿಕ್ಕ ಆ್ಯಂಪ್ಲಿಫೈಯರ್ ಸೇರಿ 400 ವಾಟ್ ಆಸುಪಾಸು. 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ನಷ್ಟ ಕಳೆದು ಹೆಚ್ಚೆಂದರೆ ಮೂರು ಗಂಟೆ ಎಳೆದೀತು. ಪ್ಲೇಯರಿನಲ್ಲಿ ‘ಫಿಲ್’ ಆಯ್ಕೆ ತೆಗೆದು ಮೂಲ ಅಳತೆಗೆ ಇಡಿ. ಹಳೆಯ ಚೌಕ ಚಿತ್ರವನ್ನು ಅಗಲ ತೆರೆಗೆ ಎಳೆದರೆ ನಾಯಕಿ ಮೂರನೇ ಒಂದು ಪಾಲು ಹೆಚ್ಚು ದಪ್ಪಗಾಗುತ್ತಾಳೆ.

ಪ್ರೇಕ್ಷಕರು ನಕ್ಕರೆ ‘ಶ್’ ಎನ್ನಬೇಡಿ. ಮೊದಲ ಹಾಸಿಗೆಯ ದೃಶ್ಯದ ನಗು ಹೆಚ್ಚಾಗಿ ಮುಜುಗರದ್ದು, ಎರಡನೆಯದಕ್ಕೆ ತಾನಾಗಿ ಅಡಗುತ್ತದೆ. ಮುಗಿದ ತಕ್ಷಣ ಎಲ್ಲ ಟ್ಯೂಬ್‌ಲೈಟ್ ಒಟ್ಟಿಗೆ ಹಾಕುವುದೂ ಬೇಡ. ಹೆಸರುಪಟ್ಟಿ ಪೂರ್ತಿ ಓಡಲಿ, ಹಿಂದಿನ ಒಂದು ದೀಪ ಹಚ್ಚಿ, ಹತ್ತು ನಿಮಿಷ ಚಹಾ ಕೊಡಿ. ಮಾತು ಶುರು ಮಾಡುವಾಗ ‘ಹೇಗನ್ನಿಸಿತು?’ ಎಂದು ಕೇಳಿದರೆ ಮೈಕು ಮೂವರು ಗಂಡಸರ ಕೈಯಲ್ಲೇ ತಿರುಗುತ್ತದೆ. ‘ಅಶ್ಲೀಲವೇ ಅಲ್ಲವೇ?’ ಎಂದು ಕೇಳಿದರಂತೂ ಕೈ ಎತ್ತಿಸಿ ಎಣಿಸಿದ ಹಾಗೆ, ಅಲ್ಲಿಗೆ ಮುಗಿಯಿತು. ಚೀಟಿ ಹಂಚಿ, ಹೆಸರು ಬೇಡ, ‘ಯಾವ ಕ್ಷಣದಲ್ಲಿ ಕಣ್ಣು ತಪ್ಪಿಸಿದಿರಿ?’ ಎಂಬ ಒಂದೇ ಪ್ರಶ್ನೆ. ಚೀಟಿಗಳನ್ನು ಗಟ್ಟಿಯಾಗಿ ಓದಿದರೆ, ಬಾಯಿ ಬಿಡದ ಹೆಂಗಸರ ಮಾತೂ ಸಭೆಗೆ ಬರುತ್ತದೆ. ಕಣ್ಣು ತಪ್ಪಿಸಿದ್ದು ಬೆತ್ತಲೆಗಲ್ಲ, ಅವನು ಅವಳ ಮಾತು ಕೇಳಿಸಿಕೊಳ್ಳದ ಕ್ಷಣಕ್ಕೆ ಎಂಬ ಉತ್ತರವೂ ಅದರಲ್ಲಿ ಇರಬಹುದು.

ಆಮೇಲೆ ಈ ಜಿಲ್ಲೆಗೆ ಚೆನ್ನಾಗಿ ಬರುವ ವಿದ್ಯೆಯನ್ನೇ ಬಳಸಬಹುದು. ವೇಷವಿಲ್ಲದೆ, ಕುಣಿತವಿಲ್ಲದೆ, ಬರೀ ಮಾತಿನಲ್ಲಿ ಪಾತ್ರದ ಪರ ವಾದಿಸುವ ತಾಳಮದ್ದಳೆ ನಮ್ಮಲ್ಲಿದೆ. ಇಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ಚಿತ್ರದ ಹೆಂಡತಿಯಾಗಿ, ಇನ್ನೊಬ್ಬರು ಗಂಡನಾಗಿಯೋ ಪ್ರಿಯಕರನಾಗಿಯೋ ಏಳೇಳು ನಿಮಿಷ ಮಾತಾಡಲಿ. ನಿಯಮ ಒಂದೇ: ತೆರೆಯ ಮೇಲೆ ಕಂಡದ್ದನ್ನು, ಕೇಳಿದ್ದನ್ನು ಬಿಟ್ಟು ಹೊರಗಿನ ಸಾಕ್ಷಿ ತರುವಂತಿಲ್ಲ. ಚಿತ್ರವನ್ನು ದ್ವೇಷಿಸಿದವರಿಗೆ ಪ್ರಿಯಕರನ ಪಾತ್ರ, ಮೆಚ್ಚಿದವರಿಗೆ ಅವನಿಂದ ನೊಂದವರ ಪಾತ್ರ ಕೊಡಿ. ಇದಕ್ಕೆ ಪಳಗಿದ ಅರ್ಥಧಾರಿಗಳೇ ಬೇಕೆಂದಿಲ್ಲ. ಆದರೆ ಒಬ್ಬರಾದರೂ ಇದ್ದರೆ ಏಳು ನಿಮಿಷ ಇಪ್ಪತ್ತಾಗುತ್ತದೆ, ಬಸ್ಸಿನ ಹೊತ್ತು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ.